ಬರಹಗಳಿಗೆ ಕಪಾಟು ಕಟ್ಟಿದ್ದು



ಈ ಪುಟವನ್ನು ತೆರೆದೊಡನೆ ಮೇಲ್ಭಾಗದಲ್ಲಿ ಹೊಸದೊಂದು ಪಟ್ಟಿ ಕಾಣಿಸುತ್ತಿರುವುದನ್ನು ನಿಮ್ಮಲ್ಲಿ ಕೆಲವರು ಈಗಾಗಲೇ ಗಮನಿಸಿರಬಹುದು. ತರಗತಿ, ಮನೆ, ಕಮಲಾಪುರ, ಕಲಬುರಗಿ, ಓದು, ಭಾಷೆ ಎಂಬ ಆರು ಪದಗಳು. ಯಾವ ಪದವನ್ನು ಒತ್ತಿದರೆ ಆ ವಿಷಯದ ಬರಹಗಳಷ್ಟೇ ತೆರೆದುಕೊಳ್ಳುತ್ತವೆ. ಈ ಆರು ಪದಗಳನ್ನು ಅಲ್ಲಿ ಕೂರಿಸಲು ನನಗೆ ಹಿಡಿದದ್ದು ಹತ್ತಿರ ಹತ್ತಿರ ಎರಡು ತಿಂಗಳು. ನಿವೃತ್ತನಾದ ಮೇಲೆ ಇಲ್ಲಿ ಇನ್ನೂರಕ್ಕೂ ಮಿಕ್ಕಿ ಲೇಖನಗಳನ್ನು ಬರೆದಿದ್ದೇನೆ. ಯಾವೊಂದಕ್ಕೂ ಇಷ್ಟು ತಿಣುಕಿದವನಲ್ಲ.

ಇದು ಆರಂಭವಾದದ್ದು ಒಂದು ದೂರಿನಿಂದ. ಸೊಲ್ಲಾಪುರದಲ್ಲಿರುವ ನನ್ನ ಅಕ್ಕನ ಮಗಳು ಫೋನ್ ಮಾಡಿದ್ದಳು. "ಮಾಮಾ, ಅವ್ವನ ಬಗ್ಗೆ ನೀವು ಬರದಿದ್ದು ಎಲ್ಲಿ ಅದ? ನಾಳೆ ಅವ್ವನ ವರ್ಷಾಬ್ದಿಕ ಅದ, ಮಕ್ಕಳಿಗೆ ಓದಿ ತೋರಿಸ್ಬೇಕಂದ್ರ ಹುಡುಕಿ ಹುಡುಕಿ ಸಾಕಾಯ್ತು" ಎಂದಳು. ನಾನು ಕನ್ನಡಕ ಏರಿಸಿಕೊಂಡು ಕುಳಿತೆ. ನನ್ನ ಬರಹ ನನಗೇ ಸಿಗಲಿಲ್ಲ! ಶೀರ್ಷಿಕೆ ನೆನಪಿರಲಿಲ್ಲ, ಬರೆದ ತಿಂಗಳು ನೆನಪಿರಲಿಲ್ಲ. ಹಿಂದಿನ ಪುಟ, ಅದರ ಹಿಂದಿನ ಪುಟ ಎಂದು ಒತ್ತುತ್ತ ಹೋಗಿ ರಾತ್ರಿ ಹನ್ನೊಂದಕ್ಕೆ ಅದನ್ನು ಕಂಡುಹಿಡಿದು ಕಳಿಸುವಷ್ಟರಲ್ಲಿ ಅವಳು ಮಲಗಿದ್ದಳು.

ಹಳ್ಳಿಯಲ್ಲಿ ಹುಟ್ಟಿದ ನಮ್ಮ ವಯಸ್ಸಿನವರಿಗೆ ಹಗೇವು ಗೊತ್ತು. ನೆಲದಡಿಯ ಆ ಕಣಜಕ್ಕೆ ಮೊದಲು ಸುರಿದ ಜೋಳ ತಳಕ್ಕೆ, ಕೊನೆಗೆ ಸುರಿದದ್ದು ಬಾಯಿಗೆ. ತಳದ ಜೋಳ ಬೇಕೆಂದರೆ ಮೇಲಿನದನ್ನೆಲ್ಲ ತೆಗೆಯಬೇಕು, ಇಲ್ಲವೇ ಒಳಗೆ ಇಳಿಯಬೇಕು. ಈ ತಾಣವೂ ಹಾಗೆಯೇ. ಹೊಸದು ಮೇಲೆ, ಹಳೆಯದು ಕೆಳಗೆ. ಅಕ್ಕ ತಳದಲ್ಲಿದ್ದಳು.

ಇದಾದ ಕೆಲವು ದಿನಗಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹೈದರಾಬಾದಿನಲ್ಲಿ ಒಂದು ಕಂಪನಿಯಲ್ಲಿ ಇಂಥದೇ ಕೆಲಸದಲ್ಲಿದ್ದಾನೆ. ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದಾನೆ, ಬರೆಯುವುದಿಲ್ಲ. ಕಮಲಾಪುರದ ಸಮೀಪದ ತನ್ನ ಊರಿಗೆ ಹೋಗುವ ದಾರಿಯಲ್ಲಿ ಕಲಬುರಗಿಯಲ್ಲಿ ಇಳಿದು, ಒಂದು ಗಂಟೆ ಕುಳಿತು ಹೋಗುವವನಿದ್ದ. ನಾನು ಅಕ್ಕನ ಮಗಳ ಕಥೆ ಹೇಳಿದೆ. "ಸರ, ಅದಕ್ಕೇನದ, ಒಂದು ಮೆನು ಕಟ್ಟೋಣ್ರಿ" ಎಂದು ಚೀಲದಿಂದ ಲ್ಯಾಪ್‌ಟಾಪ್ ತೆಗೆದೇಬಿಟ್ಟ. ನನಗೆ ಅಲ್ಲಿಯವರೆಗೆ ಮೆನು ಎಂದರೆ ಹೋಟೆಲಿನಲ್ಲಿ ಕೊಡುವ ಪಟ್ಟಿ ಮಾತ್ರ. ಆ ದಿನ ಅವನು ರಾತ್ರಿ ಊಟ ಮುಗಿಸಿಯೇ ಎದ್ದ. ನನ್ನ ಮಡದಿಯ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅವನನ್ನು ಹಿಡಿದು ಕೂರಿಸಿದವೋ ಈ ಕೆಲಸ ಹಿಡಿದು ಕೂರಿಸಿತೋ ಹೇಳಲಾರೆ.

ಅವನು ಕಲಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ. ನಿಮ್ಮಲ್ಲಿ ಬರೆಯುವ ಹವ್ಯಾಸ ಬೆಳೆಸಿಕೊಂಡವರಿಗೆ ಉಪಯೋಗಕ್ಕೆ ಬಂದೀತು, ನನಗಂತೂ ಮರೆತಾಗ ನೋಡಿಕೊಳ್ಳಲು ಬೇಕು. ಈ ಪುಟ ನಿಂತಿರುವುದು ವರ್ಡ್‌ಪ್ರೆಸ್ ಎಂಬ ವ್ಯವಸ್ಥೆಯ ಮೇಲೆ. 2003ರಲ್ಲಿ ಅದು ಹೊರಬಂದಿತು. ಪುಟದ ಅಂದಚಂದವನ್ನು, ಅಂದರೆ ಯಾವುದು ಎಲ್ಲಿ ಯಾವ ಬಣ್ಣದಲ್ಲಿ ಕಾಣಬೇಕೆಂಬುದನ್ನು, ನಿರ್ಧರಿಸುವುದಕ್ಕೆ ಥೀಮ್ ಎನ್ನುತ್ತಾರೆ. ಬರಹಗಳನ್ನು ಗುಂಪು ಮಾಡಲು ಎರಡು ಸಾಧನಗಳಿವೆ. ಒಂದು ವರ್ಗ, ಅದರೊಳಗೆ ಒಳವರ್ಗಗಳನ್ನು ಮಾಡಬಹುದು, ಕಪಾಟಿನೊಳಗೆ ಖಾನೆಗಳಿದ್ದ ಹಾಗೆ. ಇನ್ನೊಂದು ಟ್ಯಾಗ್, ಅದಕ್ಕೆ ಮೇಲು ಕೆಳಗು ಇಲ್ಲ, ಚೀಟಿ ಅಂಟಿಸಿದ ಹಾಗೆ. ವರ್ಗಗಳ ಪಟ್ಟಿಯನ್ನು ಥೀಮ್ ತಾನಾಗಿಯೇ ಪುಟದ ಅಂಚಿನಲ್ಲಿ ಹಾಕಿಕೊಡಬಲ್ಲದು. ಆದರೆ ಅದು ಹಾಕುವುದು ಅಕ್ಷರಾನುಕ್ರಮದಲ್ಲಿ. ನಾನು ಅಷ್ಟರವರೆಗೆ ಮನಸ್ಸಿಗೆ ಬಂದಂತೆ ಮಾಡಿಟ್ಟಿದ್ದ ವರ್ಗಗಳನ್ನು ಅದು ಜೋಡಿಸಿ ತೋರಿಸಿದಾಗ ಮೊದಲು 'ಅನುಭವಗಳು', ಎರಡನೆಯದೇ 'ಇತರೆ'! ಎಲ್ಲಕ್ಕಿಂತ ಕೊನೆಗೆ ಬರಬೇಕಾದದ್ದು ವರ್ಣಮಾಲೆಯ ಕೃಪೆಯಿಂದ ಮುಂದೆ ಬಂದು ಕುಳಿತಿತ್ತು.

ನಮ್ಮದೇ ಕ್ರಮದಲ್ಲಿ ಜೋಡಿಸಬೇಕಾದರೆ ನಮ್ಮದೇ ಮೆನು ಕಟ್ಟಬೇಕು. ಈ ಸೌಲಭ್ಯ ವರ್ಡ್‌ಪ್ರೆಸ್‌ನ ಮೂರನೆಯ ಆವೃತ್ತಿಯಲ್ಲಿ, 2010ರ ಜೂನ್‌ನಲ್ಲಿ ಬಂದದ್ದಂತೆ. ಈಗಿನ ಹೊಸ ಬಗೆಯ ಥೀಮುಗಳಲ್ಲಿ ಇದನ್ನೆಲ್ಲ ಪರದೆಯ ಮೇಲೆಯೇ ಇಟ್ಟಿಗೆ ಜೋಡಿಸಿದಂತೆ ಜೋಡಿಸಬಹುದು. ನನ್ನದು ಹಳೆಯ ಥೀಮು, ನನ್ನಂತೆಯೇ. ಮೆನುವಿಗೆ ಅದರಲ್ಲಿ ಜಾಗವನ್ನೇ ಇಟ್ಟಿರಲಿಲ್ಲ. ಹಾಗಾಗಿ ಅದರದೊಂದು 'ಮರಿ ಥೀಮ್' ಮಾಡಬೇಕಾಯಿತು. ಮೂಲ ಥೀಮನ್ನು ನೇರವಾಗಿ ತಿದ್ದಿದರೆ ಮುಂದೊಂದು ದಿನ ಅದರ ಹೊಸ ಆವೃತ್ತಿ ಬಂದಾಗ ನಮ್ಮ ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ. ಮರಿಯಲ್ಲಿ ಬರೆದುಕೊಂಡರೆ ಅದು ಉಳಿಯುತ್ತದೆ. ಮರಿಯ ಫಂಕ್ಷನ್ಸ್ ಎಂಬ ಕಡತದಲ್ಲಿ 'ಇಲ್ಲೊಂದು ಮೆನು ಬರಲಿದೆ' ಎಂದು ನೋಂದಾಯಿಸಬೇಕು. ಹೆಡರ್ ಎಂಬ ಕಡತದಲ್ಲಿ 'ಅದು ಈ ಜಾಗದಲ್ಲಿ ಕಾಣಲಿ' ಎಂದು ಬರೆಯಬೇಕು. ಆಮೇಲೆ ನಮಗೆ ಬೇಕಾದ ವರ್ಗಗಳನ್ನು ಆರಿಸಿ, ಎಳೆದು ಎಳೆದು ಮೇಲೆ ಕೆಳಗೆ ಮಾಡಿ ಉಳಿಸಿದರಾಯಿತು.

ಅವನು ಹೋದ ಮರುದಿನ ನಾನೇ ಒಂದು ಸಾಲು ಸೇರಿಸಲು ಹೋಗಿ ಇಡೀ ತಾಣವನ್ನೇ ಮಾಯ ಮಾಡಿದೆ. ಗಂಭೀರ ದೋಷ ಸಂಭವಿಸಿದೆ ಎಂಬ ಒಂದೇ ಒಂದು ವಾಕ್ಯ ಪರದೆಯ ಮೇಲೆ. ಎದೆ ಧಸಕ್ಕೆಂದಿತು. ಫೋನಿನಲ್ಲಿ ಅವನು ಸಾಲನ್ನು ಓದಿಸಿಕೊಂಡು, "ಸರ, ಕಡೀಗಿ ಸೆಮಿಕೋಲನ್ ಬಿಟ್ಟೀರಿ" ಎಂದು ನಕ್ಕ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಅರ್ಧವಿರಾಮ ಇಲ್ಲದ್ದಕ್ಕೆ ಅರ್ಧ ಅಂಕ ಕಳೆದವನು ನಾನು. ಈಗ ಒಂದು ಅರ್ಧವಿರಾಮಕ್ಕೆ ಪೂರ್ಣವಿರಾಮವೇ ಬಿದ್ದಿತ್ತು.

ಇರಲಿ. ಕಡತಗಳ ಕೆಲಸ ಅಷ್ಟೇ, ಎರಡು ದಿನದ್ದು. ಎರಡು ತಿಂಗಳು ಹಿಡಿದದ್ದು ಬೇರೆಯದಕ್ಕೆ.

ಮೊದಲ ದಿನ ಸಂಜೆ ಅವನು ನನ್ನ ಹಳೆಯ ವರ್ಗಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದ. 'ಹೆಮ್ಮೆಯ ವಿದ್ಯಾರ್ಥಿಗಳು' ಎಂಬ ವರ್ಗದಲ್ಲಿ ಹದಿನಾಲ್ಕು ಬರಹಗಳಿದ್ದವು: ವೈದ್ಯರಾದವರು, ಇಂಜಿನಿಯರಾದವರು, ಕೆ.ಎ.ಎಸ್. ಪಾಸಾದವಳು, ಅಮೆರಿಕಕ್ಕೆ ಹೋದವನು. 'ಇತರೆ'ಯಲ್ಲಿ ಇಪ್ಪತ್ಮೂರು. ಅವನು ಅದನ್ನು ತೆರೆದು ಕೆಳಗೆ ಸರಿಸುತ್ತ ಹೋಗಿ ಒಂದು ಕಡೆ ನಿಂತ. ಅದು ಧ್ವನಿವರ್ಧಕದ ಬರಹ. ಆಗಸ್ಟ್ 14ರ ಸಂಜೆ ಶಾಲೆಯ ಆಂಪ್ಲಿಫೈಯರ್ ಕೆಟ್ಟು ನಾವೆಲ್ಲ ಕೈ ಚೆಲ್ಲಿ ಕುಳಿತಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಕಾಕಾನ ರೇಡಿಯೊ ಅಂಗಡಿಯಿಂದ ಬೆಸುಗೆ ಕಡ್ಡಿ ತಂದು ರಾತ್ರಿ ಒಂಬತ್ತರೊಳಗೆ ಅದನ್ನು ಮಾತಾಡಿಸಿದ್ದ. ಮರುದಿನ ಧ್ವಜಾರೋಹಣದಲ್ಲಿ ಮುಖ್ಯೋಪಾಧ್ಯಾಯರ ಭಾಷಣ ಊರಿಗೆಲ್ಲ ಕೇಳಿಸಿತ್ತು. ಹೆಸರು ಹಾಕದೆ, 'ಓದಿನಲ್ಲಿ ತೀರ ಹಿಂದಿದ್ದ ಒಬ್ಬ ಹುಡುಗ' ಎಂದು ಬರೆದಿದ್ದೆ.

ಆ ಹುಡುಗ ನನ್ನ ಪಕ್ಕದಲ್ಲೇ ಕುಳಿತಿದ್ದ.

"ಸರ, ಇದು ಇತರೆದಾಗ ಅದ. ಅಲ್ಲೇ ಇರ್ಲೇನ್ರಿ, ಬ್ಯಾರೆ ಕಡೆ ಹಾಕಬೇಕ್ರಿ?" ಎಂದು ಕೇಳಿದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಕೆಲಸದವನು ಮನೆಯ ಯಜಮಾನನನ್ನು ಈ ಪೆಟ್ಟಿಗೆ ಎಲ್ಲಿ ಇಳಿಸಲಿ ಎಂದು ಕೇಳುವ ಹಾಗೆ ಕೇಳಿದ. ನಾನು "ಆಮೇಲೆ ನೋಡೋಣಪ್ಪ" ಎಂದೆ.

ರಾತ್ರಿ ಅವನು ಬಸ್ಸು ಹತ್ತಿದ ಮೇಲೆ ಆ ಇಪ್ಪತ್ಮೂರನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡೆ. ಗಂಟೆ ಹೊಡೆಯುತ್ತಿದ್ದ ಜವಾನ. ಬಿಸಿಯೂಟದ ಅಡುಗೆಯಾಕೆ. ಒಂಬತ್ತನೆಯ ತರಗತಿಯ ನಡುವೆ ಮದುವೆಯಾಗಿ ಹೋದ, ಅತಿ ಸುಂದರ ಅಕ್ಷರದ ಹುಡುಗಿ. ಕೆಂಪು ಬಾಳೆಯ ತೋಟಕ್ಕೆ ನೀರು ಕಟ್ಟಿ ತಡವಾಗಿ ಬಂದು ದಿನಾಲೂ ಬಾಗಿಲಲ್ಲಿ ನಿಲ್ಲುತ್ತಿದ್ದ ಅಣ್ಣತಮ್ಮಂದಿರು. ನಮ್ಮ ಅಕ್ಕ! (ಅವಳನ್ನು ಯಾವಾಗ 'ಇತರೆ'ಗೆ ತಳ್ಳಿದ್ದೆನೋ.) ಬರೆಯುವಾಗ ಇವರ ಮೇಲೆ ನನಗೆ ಪ್ರೀತಿ ಇಲ್ಲದಿರಲಿಲ್ಲ. ಬರೆದು ಮುಗಿಸಿ ಇವರನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಮಾತ್ರ ಕೈ ತಾನಾಗಿ ಅತ್ತ ಹೋಗಿತ್ತು.

ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಶಾಲೆಯ ಗ್ರಂಥಾಲಯದ ಹೊಣೆ ನನ್ನದಿತ್ತು. ಗ್ರಂಥಾಲಯವೆಂದರೆ ಎರಡು ಕಬ್ಬಿಣದ ಕಪಾಟುಗಳು, ಒಂದು ದಾಖಲಾತಿ ವಹಿ. ಬಿ.ಎಡ್. ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ಪುಸ್ತಕಗಳನ್ನು ಮೆಲ್ವಿಲ್ ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ಜೋಡಿಸಬೇಕೆಂದು ಹೊರಟೆ. ಅಮೆರಿಕದ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿಯೊಂದಕ್ಕೂ ನೂರು ಅಂಕಿಗಳನ್ನು ಕೊಡಲಾಗಿದೆ. 500 ಎಂದರೆ ವಿಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಸಾಹಿತ್ಯದೊಳಗೆ 810 ಅಮೆರಿಕದ್ದು, 820 ಇಂಗ್ಲಿಷು, 830 ಜರ್ಮನ್, 840 ಫ್ರೆಂಚ್, 850 ಇಟಾಲಿಯನ್, 860 ಸ್ಪ್ಯಾನಿಷ್, 870 ಲ್ಯಾಟಿನ್, 880 ಗ್ರೀಕ್. ಉಳಿದದ್ದು 890. ಅದರ ಹೆಸರು 'ಇತರ ಭಾಷೆಗಳ ಸಾಹಿತ್ಯ'. ಸಂಸ್ಕೃತ, ಪಾರ್ಸಿ, ಅರಬ್ಬಿ, ಚೀನೀ ಎಲ್ಲವೂ ಅದರೊಳಗೆ. ಅಲ್ಲಿಯೇ ಒಂದು ಮೂಲೆಯಲ್ಲಿ, ಚುಕ್ಕಿ ಇಟ್ಟು ಮತ್ತೆ ಮೂರು ಅಂಕಿ ಬರೆದರೆ, ಕನ್ನಡ: 894.814. ನಮ್ಮದೇ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರೂಪುಗೊಂಡ ನೆಲ. ಅಲ್ಲಿಂದ ಕೂಗಳತೆಯಲ್ಲಲ್ಲದಿದ್ದರೂ ಒಂದು ಬಸ್ಸಿನ ದೂರದಲ್ಲಿ ಕುಳಿತು ನಾನು ಆ ಕವಿರಾಜಮಾರ್ಗದ ಬೆನ್ನ ಮೇಲೆ 'ಇತರೆ' ಎಂಬ ಸಂಖ್ಯೆಯನ್ನು ಅಂಟಿಸುತ್ತಿದ್ದೆ. ಧರ್ಮದ ವಿಭಾಗ ಇನ್ನೂ ಸ್ವಾರಸ್ಯದ್ದು: 200ರಲ್ಲಿ ಹೆಚ್ಚಿನ ಅಂಕಿಗಳು ಕ್ರೈಸ್ತ ಧರ್ಮಕ್ಕೆ, ಜಗತ್ತಿನ ಉಳಿದೆಲ್ಲ ಧರ್ಮಗಳೂ 290ರಲ್ಲಿ ಇಕ್ಕಟ್ಟಾಗಿ. ಶರಣಬಸವೇಶ್ವರರ ಗುಡಿಯೂ ಬಂದೇ ನವಾಜರ ದರ್ಗಾವೂ ಇರುವ ಊರಿನವನಿಗೆ ಅದನ್ನು ನೋಡಿ ನಗು ಬಂದಿತ್ತು, ಸಿಟ್ಟೂ ಬಂದಿತ್ತು. ಸಹೋದ್ಯೋಗಿಗಳ ಮುಂದೆ ಭಾಷಣವನ್ನೇ ಮಾಡಿದ್ದೆ: ಕಪಾಟು ಮಾಡುವವನು ತನ್ನ ಮನೆಯ ಸಾಮಾನಿಗೆ ಖಾನೆ ಮಾಡುತ್ತಾನೆ, ಪರರದನ್ನು ಮೂಟೆ ಕಟ್ಟಿ ಇಡುತ್ತಾನೆ ಎಂದು. ಡ್ಯೂಯಿಯನ್ನು ಅಂದು ಬೈದ ಬಾಯಿ ಇಂದು ಆ ಹಾಳೆಯ ಮುಂದೆ ಮುಚ್ಚಿತ್ತು.

ಈ ಸಂದರ್ಭದಲ್ಲಿ ನೆನಪಾಗುವವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ಅವೇ ಪಟ್ಟಿಗಳು, ಅವೇ ತಿರುಪುಗಳಿಂದ ಬೇರೆ ಬೇರೆ ಯಂತ್ರಗಳನ್ನು ಕಟ್ಟಬಹುದಾದ ಆಟಿಕೆ. ಪುಸ್ತಕಕ್ಕೂ ಹೀಗೆಯೇ ಹಲವು ಮುಖಗಳನ್ನು ಜೋಡಿಸಿ ಸ್ಥಾನ ಕೊಡಬಾರದೇಕೆ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಬಂದ ಅವರ 'ಕೋಲನ್ ವರ್ಗೀಕರಣ'ದ ಬೀಜ ಅದು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಾಲಯಕ್ಕೆ ಅವರು ಹೇಳಿದ ಐದು ಸೂತ್ರಗಳಲ್ಲಿ ಒಂದು, ಓದುಗನ ಸಮಯವನ್ನು ಉಳಿಸಬೇಕೆಂಬುದು. ಸೊಲ್ಲಾಪುರದ ಹುಡುಗಿಯ ಒಂದು ಸಂಜೆಯನ್ನು ನಾನು ಹಾಳು ಮಾಡಿದ್ದೆ.

ಈಗ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದ ಸಂಗತಿಗೆ ಬರುತ್ತೇನೆ. ಓದುವವರಲ್ಲಿ ಆ ಕಾಲದ ವಿದ್ಯಾರ್ಥಿಗಳು ಇದ್ದೀರಿ, ನಿಮಗೆ ಗೊತ್ತಿರುವುದೇ.

1990ರ ದಶಕದ ನಡುವಿನಲ್ಲಿ ಒಂದು ವರ್ಷ ಎಂಟನೆಯ ತರಗತಿಗೆ ಮಕ್ಕಳು ಹೆಚ್ಚಾಗಿ ಮೂರು ವಿಭಾಗ ಮಾಡಬೇಕಾಯಿತು. ಅಲ್ಲಿಯವರೆಗೆ ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚುವುದು ರೂಢಿ. ಒಂದು ಪರೀಕ್ಷೆ ಇಟ್ಟು, ಅಂಕಗಳ ಪ್ರಕಾರ 'ಎ', 'ಬಿ', 'ಸಿ' ಮಾಡೋಣವೆಂದು ಶಿಕ್ಷಕರ ಸಭೆಯಲ್ಲಿ ಸೂಚಿಸಿದವನು ನಾನು. ಇದು ಇನ್ನೊಬ್ಬರ ತಪ್ಪಲ್ಲ, ನನ್ನದೇ. ಒಂದೇ ಮಟ್ಟದ ಮಕ್ಕಳಿದ್ದರೆ ಅವರವರ ಮಟ್ಟಕ್ಕೆ ಇಳಿದು ಕಲಿಸಬಹುದೆಂದು ಬಿ.ಎಡ್.ನಲ್ಲಿ ಓದಿದ್ದನ್ನು ಉದಾಹರಿಸಿ ವಾದಿಸಿದೆ. ಎಲ್ಲರೂ ಒಪ್ಪಿದರು. ಆಮೇಲೆ ಆದದ್ದೇನು? ಎಸ್.ಎಸ್.ಎಲ್.ಸಿ. ಫಲಿತಾಂಶ ತರುವ ಮಕ್ಕಳು 'ಎ'ಯಲ್ಲಿದ್ದುದರಿಂದ ಒಳ್ಳೆಯ ಪಾಠದ ಹೆಸರಿದ್ದವರಿಗೆಲ್ಲ 'ಎ' ವಿಭಾಗವೇ ಬಂದಿತು. ನನಗೂ. 'ಸಿ'ಗೆ ಕಿಟಕಿಯ ಬಾಗಿಲು ಮುರಿದ ಕೊನೆಯ ಕೋಣೆ. ಯಾರಾದರೂ ರಜೆ ಹಾಕಿದರೆ ಮೊದಲು ಖಾಲಿ ಬೀಳುವ ತರಗತಿ. ತಿಂಗಳೊಳಗೆ 'ಸಿ' ಎಂಬುದು ವಿಭಾಗದ ಹೆಸರಾಗಿ ಉಳಿಯದೆ ಮಕ್ಕಳ ಹೆಸರಾಯಿತು. "ಏ ಸಿ, ಇಲ್ಲಿ ಬಾ" ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ. ಕೇಳಿ ಸುಮ್ಮನೆ ಹೋಗಿದ್ದೇನೆ. ಮೂರು ವರ್ಷ ಹೀಗೆ ನಡೆಯಿತು. ನಿಂತದ್ದು ನನ್ನ ವಿವೇಕದಿಂದಲ್ಲ. ಮಕ್ಕಳ ಸಂಖ್ಯೆ ಇಳಿದು ಮತ್ತೆ ಎರಡೇ ವಿಭಾಗವಾದದ್ದರಿಂದ.

ಆಂಪ್ಲಿಫೈಯರ್ ಹುಡುಗ ಆ 'ಸಿ'ಯವನು.

ಒಂದು ಭಾನುವಾರ ಫೋನಿನಲ್ಲಿ ಮೆನುವಿನ ಮಾತಾಡುತ್ತ ಆಡುತ್ತ ಈ ವಿಷಯ ನಾನೇ ತೆಗೆದೆ. ಆ ವಿಭಾಗ ಮಾಡಿಸಿದವನು ನಾನೇ ಕಣಪ್ಪಾ ಎಂದೆ. ಅವನಿಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇನ್ ಬಿಡ್ರಿ ಸರ, ಸಿ ದಾಗ ಇದ್ದೇವಂತ ಮೈದಾನದಾಗ ಆಡ್ಲಿಕ್ಕ ಜಾಸ್ತಿ ಬಿಡ್ತಿದ್ರು" ಎಂದು ನಕ್ಕ. ಬಳಿಕ ಹೇಳಿದ: "ಖರೇ ಹೇಳ್ಬೇಕಂದ್ರ, ನಮ್ಮವ್ವಗ ನಾ ಬಿ ಅಂತ ಹೇಳಿದ್ದೆ. ಆಕಿಗಿ ಓದ್ಲಿಕ್ಕ ಬರ್ತಿರ್ಲಿಲ್ಲ, ನಡೀತು."

ನನ್ನಿಂದ ಮಾತು ಬರಲಿಲ್ಲ. ಅವನೇ ಮುಂದುವರಿದು, "ಹಾಂ ಸರ, ಮೆನುದಾಗ ಎಷ್ಟು ಹೆಸರು ಇಡ್ತೀರಿ? ಏಳರ ಮ್ಯಾಲ ಹೋದ್ರ ಮೊಬೈಲ್‌ದಾಗ ಹಿಡಿಯಂಗಿಲ್ಲ" ಎಂದ.

'ಹೆಮ್ಮೆಯ ವಿದ್ಯಾರ್ಥಿಗಳು' ಎಂಬ ವರ್ಗವನ್ನು ಆ ದಿನವೇ ತೆಗೆದುಹಾಕಿದೆ. ಅದರಲ್ಲಿದ್ದ ಹದಿನಾಲ್ಕು ಮಂದಿ ಬೇಸರಿಸಬಾರದು. ನಿಮ್ಮ ಬರಹಗಳು ಹೋಗಿಲ್ಲ, ಹೆಮ್ಮೆಯೂ ಹೋಗಿಲ್ಲ, ಹಲಗೆಯನ್ನು ಮಾತ್ರ ಇಳಿಸಿದ್ದೇನೆ. ಅದರ ಬದಲಿಗೆ ವಿದ್ಯಾರ್ಥಿಗಳನ್ನೆಲ್ಲ ತೇರ್ಗಡೆಯಾದ ವರ್ಷದ ಪ್ರಕಾರ ಜೋಡಿಸೋಣ, ಅದರಲ್ಲಿ ಯಾರೂ ಮೇಲಿಲ್ಲ ಕೆಳಗಿಲ್ಲ ಎಂದು ನನಗೆ ತೋಚಿತು. ಎಷ್ಟು ನಿಷ್ಪಕ್ಷಪಾತ ಎಂದು ನನಗೆ ನಾನೇ ಮೆಚ್ಚಿಕೊಂಡೆ. ಅದನ್ನೂ ಅವನು ಒಂದೇ ಪ್ರಶ್ನೆಯಿಂದ ಕೆಡವಿದ. "ಸರ, ಫೇಲಾದೋರು ಯಾ ವರ್ಷಕ್ಕ ಬರ್ತಾರ್ರೀ? ನಡುವೆ ಸಾಲಿ ಬಿಟ್ಟೋರು?"

ಹೀಗೆ ಜನರನ್ನು ವಿಂಗಡಿಸುವುದನ್ನು ಬಿಟ್ಟು, ಬರಹ ನಡೆಯುವ ಜಾಗವನ್ನು ಹಿಡಿಯೋಣವೆಂದು ತೀರ್ಮಾನಿಸಿದೆವು. ತರಗತಿಯೊಳಗೆ ನಡೆದದ್ದು, ಮನೆಯಲ್ಲಿ ನಡೆದದ್ದು, ಕಮಲಾಪುರದ ಸುತ್ತ ನಡೆದದ್ದು, ಕಲಬುರಗಿಯಲ್ಲಿ ನಡೆದದ್ದು. ಇನ್ನುಳಿದವು ಓದಿದ ಪುಸ್ತಕಗಳ ಮಾತು ಮತ್ತು ವ್ಯಾಕರಣ ಮೊದಲಾದ ಭಾಷೆಯ ಮಾತು. ಜೊತೆಗೆ ಕಬ್ಬಿಣದ ಕಪಾಟಿಗಿಲ್ಲದ ಒಂದು ಅನುಕೂಲ ಇಲ್ಲಿದೆ. ಒಂದೇ ಬರಹವನ್ನು ಎರಡು ವರ್ಗಗಳಲ್ಲಿ ಇಡಬಹುದು, ಎರಡು ಬಾಗಿಲಿನಿಂದಲೂ ಅದನ್ನು ತಲುಪಬಹುದು. ಪುಸ್ತಕವೊಂದನ್ನು ಎರಡು ಖಾನೆಗಳಲ್ಲಿ ಇಡಲಾಗದೆ ನಾನು ಪಟ್ಟ ಪಾಡನ್ನು ಅವನಿಗೆ ವಿವರಿಸಿದರೆ ಅವನಿಗೆ ಅದು ಕಷ್ಟವೆಂದೇ ಅರ್ಥವಾಗಲಿಲ್ಲ.

ಜಾಗವನ್ನು ಹಿಡಿದರೆ ಸುಲಭವೆಂದುಕೊಂಡೆವಲ್ಲ, ಅದೂ ಅಷ್ಟು ಸುಲಭವಾಗಲಿಲ್ಲ. ನಾನು ಸೇವೆಗೆ ಸೇರಿದಾಗ ಊರು ಗುಲಬರ್ಗಾ. 2014ರ ನವೆಂಬರ್ 1ರಿಂದ ಕಲಬುರಗಿ. ವಿಶ್ವವಿದ್ಯಾಲಯದ ಹೆಸರು ಮಾತ್ರ ಗುಲಬರ್ಗಾ ಎಂದೇ ಉಳಿಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಕಲಬುರಗಿ ತಾಲ್ಲೂಕಿನೊಳಗಿದ್ದ ಕಮಲಾಪುರವೇ ಈಗ ತಾಲ್ಲೂಕು. ಯಾದಗಿರಿ ಜಿಲ್ಲೆಯಾಗಿ ಬೇರೆಯಾಯಿತು. ನನ್ನ ವರ್ಗದ ಹೆಸರು ಹಳೆಯದು, 'ಗುಲಬರ್ಗಾ'. ಇಲ್ಲಿ ಒಂದು ಸೂಕ್ಷ್ಮವನ್ನು ಅವನು ತಿಳಿಸಿಕೊಟ್ಟ. ಪ್ರತಿ ವರ್ಗಕ್ಕೂ ಓದುಗರಿಗೆ ಕಾಣುವ ಹೆಸರು ಒಂದು, ವಿಳಾಸದಲ್ಲಿ ಸೇರುವ ಹೆಸರು ಇನ್ನೊಂದು. ಎರಡನೆಯದಕ್ಕೆ ಸ್ಲಗ್ ಎನ್ನುತ್ತಾರೆ. ಕಾಣುವ ಹೆಸರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸ್ಲಗ್ಗನ್ನು ಬದಲಿಸಿದರೆ ಹಿಂದೆ ಆ ವರ್ಗದ ಕೊಂಡಿಯನ್ನು ಯಾರು ಯಾರಿಗೆ ಕಳಿಸಿದ್ದರೋ ಅವೆಲ್ಲ ದಾರಿ ತಪ್ಪುತ್ತವೆ. ಹಾಗಾಗಿ ಬೋರ್ಡಿನ ಮೇಲೆ ಕಲಬುರಗಿ, ಬುಡದಲ್ಲಿ ಗುಲಬರ್ಗಾ. ನಮ್ಮೂರಿನ ಹಿರಿಯರ ಬಾಯಲ್ಲಿ ಇರುವುದೂ ಹೀಗೆಯೇ ಅಲ್ಲವೇ?

ಸ್ಲಗ್ಗನ್ನು ಕನ್ನಡದಲ್ಲಿಯೇ ಇಡಬೇಕೆಂದು ಕನ್ನಡ ಮೇಷ್ಟ್ರಾಗಿ ನಾನು ಹಟ ಹಿಡಿದದ್ದುಂಟು. ಆದರೆ ಜಾಲದ ವಿಳಾಸದಲ್ಲಿ ಕನ್ನಡದ ಒಂದೊಂದು ಅಕ್ಷರವೂ, ಕಾಗುಣಿತದ ಒಂದೊಂದು ಗುರುತೂ, ಶೇಕಡಾ ಚಿಹ್ನೆ ಮತ್ತು ಅಂಕಿಗಳಾಗಿ ಒಡೆದು ಒಂಬತ್ತು ಅಕ್ಷರಗಳಷ್ಟು ಉದ್ದವಾಗುತ್ತದೆ. 'ಕಮಲಾಪುರ' ಎಂದರೆ ಅರವತ್ಮೂರು! ಒಟ್ಟು ಮಿತಿ ಇನ್ನೂರು. ಇಪ್ಪತ್ತೆರಡು ಗುರುತು ದಾಟಿದ ಶೀರ್ಷಿಕೆ ವಿಳಾಸದಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ನಾನು ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಕೊಂಡಿಗಳು ಮಾರುದ್ದದ ಮಂತ್ರದಂತೆ ಕಾಣುತ್ತಿದ್ದುದೇಕೆಂದು ಈಗ ತಿಳಿಯಿತು. ವರ್ಗಗಳ ಸ್ಲಗ್ಗುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಇರುವುದಕ್ಕೆ ಕಾರಣ ಇದು. ಅಭಿಮಾನದ ಕೊರತೆಯೆಂದು ಯಾರೂ ತಿಳಿಯಬಾರದು.

ಉಳಿದದ್ದು 'ಇತರೆ'. ಈ ವ್ಯವಸ್ಥೆಯಲ್ಲಿ, ಯಾವ ವರ್ಗವನ್ನೂ ಸೂಚಿಸದ ಬರಹ ಹೋಗಿ ಬೀಳಲು ಒಂದು ಮೂಲವರ್ಗ ಇದ್ದೇ ಇರುತ್ತದೆ. ಆ ಸ್ಥಾನಕ್ಕೆ ಮತ್ತೊಂದನ್ನು ನೇಮಿಸದೆ ಅದನ್ನು ಅಳಿಸಲು ಬರುವುದಿಲ್ಲ. ಅಂದರೆ 'ಇತರೆ' ಎಂಬುದು ಯಾವುದಾದರೂ ಹೆಸರಿನಲ್ಲಿ ಉಳಿದೇ ಉಳಿಯುತ್ತದೆ. ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾಗ ಒಂದು ಬೆಳಿಗ್ಗೆ ನನ್ನ ಕಣ್ಣು ಮನೆಯ ಕಪಾಟಿನ ವಚನ ಸಂಪುಟಗಳ ಮೇಲೆ ಬಿತ್ತು. ಕರ್ನಾಟಕ ಸರ್ಕಾರ ಪ್ರಕಟಿಸಿದ, ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳು, ಒಟ್ಟು ಹದಿನೈದು. ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮರಿಗೆ ಒಂದೊಂದು ಸಂಪುಟ. ಶರಣೆಯರಿಗೆಲ್ಲ ಸೇರಿ ಒಂದು. ಕೊನೆಯದು ಪದಕೋಶ. ನಡುವಿನ ಒಂಬತ್ತು ಸಂಪುಟಗಳ ಬೆನ್ನ ಮೇಲೆ ಇರುವ ಹೆಸರು 'ಸಂಕೀರ್ಣ'. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಮಾರಯ್ಯ ಮೊದಲಾದವರೆಲ್ಲ ಇರುವುದು ಈ ಸಂಕೀರ್ಣದಲ್ಲಿ. ಹದಿನೈದರಲ್ಲಿ ಒಂಬತ್ತು! ಇದೇ ವಚನಗಳನ್ನು ಹಿಂದಿನವರು ಬೇರೆ ರೀತಿಯಲ್ಲಿ ಜೋಡಿಸುತ್ತಿದ್ದರು. ಯಾರು ಹೇಳಿದರೆಂಬುದನ್ನು ಹಿಡಿಯದೆ, ಭಕ್ತ ಸ್ಥಲ, ಮಹೇಶ ಸ್ಥಲ ಎಂದು ಸ್ಥಲಕಟ್ಟಿನಲ್ಲಿ ಇಡುತ್ತಿದ್ದರು. 1923ರಲ್ಲಿ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ವನ್ನು ಹೊರತಂದಾಗಲೂ ವಿಷಯವನ್ನೇ ಹಿಡಿದರು. ಆ ಕ್ರಮದಲ್ಲಿ ಅಂಬಿಗನೂ ಮಂತ್ರಿಯೂ ಒಂದೇ ಪುಟದಲ್ಲಿ ಕೂರುತ್ತಾರೆ. ಹಾಗೆ ಕುಳಿತರೂ ಯಾರ ವಚನ ಯಾರದೆಂಬುದು ಕಳೆದುಹೋಗದು, ಏಕೆಂದರೆ ಪ್ರತಿಯೊಂದರ ಕೊನೆಗೂ ಅಂಕಿತವಿದೆ. ಇದನ್ನು ಹೇಳಿದಾಗ ನನ್ನ ಶಿಷ್ಯ, "ಅಂಕಿತ ಅಂದ್ರ ಟ್ಯಾಗ್ ಇದ್ದಂಗಲ್ರಿ ಸರ" ಎಂದ. ಮೂವತ್ತೈದು ವರ್ಷ ವಚನ ಪಾಠ ಮಾಡಿದ ನನಗೆ ಅಂಕಿತವನ್ನು ಇಷ್ಟು ಚುಟುಕಾಗಿ ವಿವ��ಿಸಲು ಬಂದಿರಲಿಲ್ಲ.

ಆದುದರಿಂದ ಇಪ್ಪತ್ಮೂರನ್ನೂ ಒಂದೊಂದಾಗಿ ಮತ್ತೆ ಓದಿದೆ. ಎರಡು ತಿಂಗಳು ಹಿಡಿದದ್ದು ಇದಕ್ಕೆ. ಜವಾನ 'ತರಗತಿ'ಗೆ ಬಂದ. ಅವನ ಗಂಟೆಯಿಲ್ಲದೆ ನಮ್ಮ ಯಾವ ಪಾಠ ಶುರುವಾಗುತ್ತಿತ್ತು? ಅಡುಗೆಯಾಕೆಯೂ ಅಲ್ಲಿಯೇ. ಕೆಂಪು ಬಾಳೆಯ ಅಣ್ಣತಮ್ಮಂದಿರು 'ಕಮಲಾಪುರ'ದಲ್ಲಿ. ಸುಂದರ ಅಕ್ಷರದ ಹುಡುಗಿಯನ್ನು 'ತರಗತಿ' ಮತ್ತು 'ಭಾಷೆ' ಎರಡರಲ್ಲೂ ಇಟ್ಟಿದ್ದೇನೆ. ಆಂಪ್ಲಿಫೈಯರ್ ಬರಹ 'ತರಗತಿ'ಯಲ್ಲಿಯೂ ಇದೆ, 'ಕಮಲಾಪುರ'ದಲ್ಲಿಯೂ ಇದೆ. 'ಓದಿನಲ್ಲಿ ತೀರ ಹಿಂದಿದ್ದ' ಎಂಬ ಮಾತನ್ನು ತೆಗೆಯುತ್ತೇನೆಂದರೆ ಅವನು ಬೇಡವೆಂದ. "ಇದ್ದದ್ದೇ ಬರ್ದೀರಿ, ಇರ್ಲಿ ಬಿಡ್ರಿ. ಆದ್ರ ಅದು ಒಂಬತ್ತಕ್ಕಲ್ರಿ, ಎಂಟೂವರಿಗೇ ರಿಪೇರಿ ಆಗಿತ್ತು" ಎಂದು ತಿದ್ದಿಸಿದ. ತಿದ್ದಿದ್ದೇನೆ.

'ಇತರೆ'ಯಲ್ಲಿ ಈಗ ಉಳಿದಿರುವುದು ನಾಲ್ಕು. ಮೆನುವಿನಲ್ಲಿ ಅದು ಕಾಣುವುದಿಲ್ಲ. ಆ ನಾಲ್ಕನ್ನು ಓದಿದವರಿಗೆ ಅವು ಎಲ್ಲಿರಬೇಕೆಂದು ತೋಚಿದರೆ ದಯವಿಟ್ಟು ತಿಳಿಸಿರಿ. ಮೊಬೈಲಿನಲ್ಲಿ ನೋಡುವವರಿಗೆ ಆರು ಪದಗಳ ಬದಲು ಬಲ ಮೂಲೆಯಲ್ಲಿ ಮೂರು ಅಡ್ಡಗೆರೆಗಳು ಕಾಣುತ್ತವೆ. ಅವನ್ನು ಮುಟ್ಟಿದರೆ ಪಟ್ಟಿ ಕೆಳಗಿಳಿಯುತ್ತದೆ. ಹಿರಿಯರಾದ ನಮ್ಮ ಬಂಧುಗಳಿಗೆ ಮನೆಯ ಮಕ್ಕಳು ಯಾರಾದರೂ ಒಮ್ಮೆ ತೋರಿಸಿಕೊಡಬೇಕಾಗಿ ಕೋರುತ್ತೇನೆ.

ಸೊಲ್ಲಾಪುರಕ್ಕೆ ಮೊನ್ನೆ ನಾನೇ ಫೋನ್ ಮಾಡಿ, 'ಮನೆ' ಎಂಬುದನ್ನು ಒತ್ತು ಎಂದೆ. ಫೋನನ್ನು ಕೆಳಗಿಡದೆ ಒತ್ತಿದಳು. "ಸಿಕ್ತು ಮಾಮಾ, ಎರಡನೇದೇ ಅವ್ವಂದು" ಎಂದಳು. ಆಮೇಲೆ ಮಕ್ಕಳನ್ನು ಕರೆದು ಓದಲು ಆರಂಭಿಸಿದಳು. ನಾನು ಈ ಕಡೆಯಿಂದ ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟೆ.